ಸೈತಾನನ ಹೊಳೆ, ಹೂತುಹೋದ ಸೇತುವೆ

ನ್ಯೂಯಾರ್ಕಿನಲ್ಲಿ ಮಗಳ ಮನೆಗೆ ಹೋದವನು ಒಂದು ಬೆಳಗ್ಗೆ ಹಳೇ ನಕ್ಷೆಯ ಪ್ರತಿ ಹಿಡಿದು ಬ್ರಾಂಕ್ಸಿನ ಬೀದಿಯೊಂದರಲ್ಲಿ ನಿಂತಿದ್ದೆ. ನಕ್ಷೆಯಲ್ಲಿ ಹೊಳೆ, ಹೊಳೆಗೆ ಅಡ್ಡಲಾಗಿ ಕಿಂಗ್ಸ್ ಬ್ರಿಜ್. ಕಣ್ಣೆದುರಿಗೆ ಬರೀ ಡಾಂಬರು, ಸಾಲಾಗಿ ನಿಂತ ಕಾರುಗಳು.

ಆ ಹೊಳೆಯ ಹೆಸರೇ ನನ್ನನ್ನು ಅಲ್ಲಿಗೆ ಎಳೆದು ತಂದಿದ್ದು: ಸ್ಪೈಟನ್ ಡೈವಿಲ್. 'ಡೈವಿಲ್' ಡಚ್ಚರ ಸೈತಾನ, ಅಲ್ಲಿಗೆ ತಕರಾರಿಲ್ಲ. ಜಗಳವೆಲ್ಲ ಮೊದಲರ್ಧದ್ದು. ಉಬ್ಬರದಲ್ಲಿ ನೀರು ಚಿಮ್ಮುತ್ತಿದ್ದ ಕಾರಣ 'ಚಿಮ್ಮುವ ಸೈತಾನ' ಎಂದು ಕೆಲವರು. 'ಸೈತಾನನೇ ಅಡ್ಡ ಬಂದರೂ ಸರಿ' ಎಂಬ ಹಟದ ಮಾತು ಎಂದು ಇನ್ನು ಕೆಲವರು.

ಎರಡನೆಯ ಅರ್ಥಕ್ಕೆ ಸೊಗಸಾದ ಕಥೆಯೂ ಇದೆ. 1664ರಲ್ಲಿ ಇಂಗ್ಲಿಷರ ಹಡಗುಗಳು ಬಂದಾಗ ಡಚ್ ಗವರ್ನರ್ ಸ್ಟೈವೆಸೆಂಟ್ ತನ್ನ ಕಹಳೆಗಾರ ಆಂಟನಿ ವಾನ್ ಕೊರ್ಲಿಯರನನ್ನು ಜನರನ್ನು ಎಬ್ಬಿಸಲು ಅಟ್ಟಿದ. ಬಿರುಗಾಳಿಯ ರಾತ್ರಿ, ದಾಟಿಸುವವರಿಲ್ಲ. ಸೈತಾನನಿಗೆ ಸೆಡ್ಡು ಹೊಡೆದು ಈಜಲು ಇಳಿದವನು ಮುಳುಗಿಯೇ ಹೋದ. ಹೇಳಿದವನು ವಾಷಿಂಗ್ಟನ್ ಇರ್ವಿಂಗ್, 1809ರ ತನ್ನ ವಿನೋದ ಚರಿತ್ರೆಯಲ್ಲಿ.

ಕಥೆಯ ಕಾಲು ಮುರಿದದ್ದು ಒಂದು ಇಸವಿ. ಭೂಮಾಲೀಕ ಆಡ್ರಿಯಾನ್ ವಾನ್ ಡರ್ ಡಾಂಕ್ 1653ರಲ್ಲಿ ಡಚ್ ಕಂಪನಿಗೆ ಬರೆದ ಕಾಗದದಲ್ಲೇ ಈ ಹೆಸರಿದೆ. ಕಹಳೆಗಾರ ಮುಳುಗುವುದಕ್ಕೆ ಹನ್ನೊಂದು ವರ್ಷ ಮೊದಲೇ! ನನಗೆ ಬೇಗೂರು ನೆನಪಾಯಿತು. ಹೊಯ್ಸಳ ಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರಿಗೆ ಆ ಹೆಸರು ಬಂತೆನ್ನುತ್ತೇವೆ. ಅದಕ್ಕೂ ಸುಮಾರು ಮುನ್ನೂರು ವರ್ಷ ಹಿಂದಿನ ಬೇಗೂರಿನ ವೀರಗಲ್ಲು ಬೆಂಗಳೂರು ಕಾಳಗದ ಸುದ್ದಿ ಹೇಳುತ್ತದೆ. ಆದರೂ ಅಜ್ಜಿಯನ್ನು ಬಿಡಲು ಮನಸ್ಸು ಬರುವುದಿಲ್ಲ, ಕಹಳೆಗಾರನನ್ನೂ ಅಷ್ಟೇ.

ಸೇತುವೆಯ ಲೆಕ್ಕ ಇಷ್ಟು ತೊಡಕಿನದಲ್ಲ. 1693ರಲ್ಲಿ ಫ್ರೆಡರಿಕ್ ಫಿಲಿಪ್ಸ್ ಕಟ್ಟಿಸಿ ಸುಂಕ ವಸೂಲಿಗೆ ಕೂತ. ಸುಂಕಕ್ಕೆ ಬೇಸತ್ತವರು 1759ರ ಹೊತ್ತಿಗೆ ಪಕ್ಕದಲ್ಲೇ ಸುಂಕವಿಲ್ಲದ ಇನ್ನೊಂದು ಸೇತುವೆ ತೆರೆದರು. 1895ರಲ್ಲಿ ಹಡಗಿನ ಕಾಲುವೆ ತೋಡಿದಾಗ ಮಾರ್ಬಲ್ ಹಿಲ್ ಬಡಾವಣೆ ಮ್ಯಾನ್‌ಹಟನ್ನಿನಿಂದ ತುಂಡಾಯಿತು. ಆಮೇಲೆ ಹಳೇ ಹೊಳೆಗೆ ಮಣ್ಣು ಸುರಿದರು. ಕಿಂಗ್ಸ್ ಬ್ರಿಜ್ಜೂ ಅದರಡಿ ಸೇರಿತು. ಮಾರ್ಬಲ್ ಹಿಲ್ ಬ್ರಾಂಕ್ಸಿಗೆ ಅಂಟಿಕೊಂಡಿತು, ಆದರೆ ಸರ್ಕಾರಿ ಲೆಕ್ಕದಲ್ಲಿ ಇಂದಿಗೂ ಮ್ಯಾನ್‌ಹಟನ್ನೇ.

ನಕ್ಷೆ ಮಡಚಿ ರಸ್ತೆ ದಾಟಿದೆ. ಕಾಲಡಿ ಸೇತುವೆ ಇತ್ತೋ ಏನೋ. ಸುಂಕ ಕೇಳುವವರು ಯಾರೂ ಇರಲಿಲ್ಲ.