ಇಂಗ್ಲಿಷ್ ಬೋಧಕರ ಸಿದ್ಧತೆಯೂ ಅರ್ಹತಾಪತ್ರವೂ: ಬೆಂಗಳೂರಿನ ಒಂದು ಅಧ್ಯಾಯ

ಪರಭಾಷೆಯನ್ನು ಕಲಿಸುವವರಿಗೆ ಆ ಭಾಷೆಯ ಜ್ಞಾನವಿದ್ದರೆ ಸಾಲದು, ಕಲಿಸುವ ವಿದ್ಯೆಯೂ ಬೇಕೆಂಬುದನ್ನು ಇಂದು ಯಾರೂ ಅಲ್ಲಗಳೆಯರು. ಆದರೆ ಆ ವಿದ್ಯೆಯನ್ನು ಕೊಡುವ ವ್ಯವಸ್ಥೆಯೂ, ಅದನ್ನು ಪರೀಕ್ಷಿಸಿ ಅರ್ಹತೆಯನ್ನು ನೀಡುವ ವ್ಯವಸ್ಥೆಯೂ ನಮ್ಮಲ್ಲಿ ಬೇರೆ ಬೇರೆ ಹಾದಿಗಳಲ್ಲಿ ಬೆಳೆದಿವೆ. ಬೆಂಗಳೂರಿನ ಇತಿಹಾಸದಿಂದ ಇದನ್ನು ತೋರಿಸುವುದು ನಮ್ಮ ಉದ್ದೇಶ.

ಮಾಮೂಲ್‌ಪೇಟೆಯಂತಹ ಹಳೆಯ ಪೇಟೆಗಳಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಮಾತುಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಇಲ್ಲಿಯ ಬಹುತೇಕ ಮಕ್ಕಳಿಗೆ ಇಂಗ್ಲಿಷ್ ಮನೆಯ ಮಾತಲ್ಲ. ಅದು ಉಪಾಧ್ಯಾಯರ ಬಾಯಿಂದಲೇ ಬರಬೇಕು. ಈ ಅಗತ್ಯವನ್ನು ಮನಗಂಡು 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಇಂಗ್ಲಿಷ್ ಸಂಸ್ಥೆಯೂ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಸ್ಥಾಪಿತವಾದುವು. ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಶ್ರೇಣೀಕರಿಸಿ, ಮೊದಲು ಮೌಖಿಕ ಅಭ್ಯಾಸದಿಂದ ರೂಢಿಸುವ ರಚನಾಪದ್ಧತಿಯು ಆಗ ಪ್ರಬಲವಾಗಿದ್ದಿತು.

ಇದೇ ನಗರದಲ್ಲಿ ಆ ಪದ್ಧತಿಯು ಪ್ರಶ್ನೆಗೂ ಒಳಗಾಯಿತು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ನಡೆಸಿದ ಪ್ರಯೋಗದಲ್ಲಿ ಮಕ್ಕಳು ವ್ಯಾಕರಣವನ್ನು ಕಂಠಪಾಠ ಮಾಡದೆ, ಭೂಪಟ ಹಾಗೂ ರೈಲಿನ ವೇಳಾಪಟ್ಟಿಗಳನ್ನು ಓದಿ ಸಮಸ್ಯೆಗಳನ್ನು ಬಿಡಿಸಿದರು. ಲೋಕದ ಭಾಷಾಶಿಕ್ಷಣತಜ್ಞರಲ್ಲಿ ಇದು 'ಬೆಂಗಳೂರು ಯೋಜನೆ' ಎಂದೇ ಪ್ರಸಿದ್ಧವಾಯಿತು. ಸಿದ್ಧಪದ್ಧತಿಗಿಂತ ಬೋಧಕರ ಸ್ವಂತ ವಿವೇಚನೆಯೇ ಮುಖ್ಯವೆಂಬ ವಿಚಾರವನ್ನು ಪ್ರಭು ಅವರು ಮುಂದೆ 1990ರಲ್ಲಿ ಪ್ರತಿಪಾದಿಸಿದರು.

ಹೀಗೆ ಬೋಧನೆಯ ವಿಚಾರವು ಮುಂದುವರಿದರೂ ಅರ್ಹತಾಪತ್ರದ ಕಥೆ ಬೇರೆಯಾಯಿತು. 2007–08ರಲ್ಲಿ ಕನ್ನಡ ಮಾಧ್ಯಮದ ಶಾಲೆಗಳ ಒಂದನೆಯ ತರಗತಿಗೂ ಇಂಗ್ಲಿಷ್ ಬಂದಿತು. ಶಿಕ್ಷಣ ಹಕ್ಕು ಕಾಯಿದೆಯು 2010ರಲ್ಲಿ ಜಾರಿಗೆ ಬಂದ ಬಳಿಕ, ಒಂದರಿಂದ ಎಂಟನೆಯ ತರಗತಿಯವರೆಗಿನ ಉಪಾಧ್ಯಾಯರಾಗಬಯಸುವವರು ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕಾಯಿತು. ಅದರ 150 ಅಂಕಗಳಲ್ಲಿ ದ್ವಿತೀಯ ಭಾಷೆಗೆ 30; ಪ್ರಶ್ನೆಗಳೆಲ್ಲವೂ ಬಹು ಆಯ್ಕೆಯವು. ಇಂಗ್ಲಿಷನ್ನು ಆರಿಸಿಕೊಂಡ ಅಭ್ಯರ್ಥಿಯು ಈ ಪರೀಕ್ಷೆಯಲ್ಲಿ ಒಂದು ಇಂಗ್ಲಿಷ್ ವಾಕ್ಯವನ್ನೂ ಉಚ್ಚರಿಸಬೇಕಾಗಿಲ್ಲ. ತರಬೇತಿ ಕಾಲೇಜುಗಳಲ್ಲಿ ಪಾಠಾಭ್ಯಾಸವಿದೆ, ನಿಜ. ಆದರೆ ಅಲ್ಲಿ ಇಂಗ್ಲಿಷ್ ಹಲವು ವಿಷಯಗಳಲ್ಲಿ ಒಂದು ಮಾತ್ರ.

ಪರಭಾಷಿಕರಿಗೆ ಇಂಗ್ಲಿಷ್ ಕಲಿಸುವವರಿಗೆ ಕೇಂಬ್ರಿಜ್ ನೀಡುವ ಪ್ರಮಾಣಪತ್ರಕ್ಕೆ ಪರಿವೀಕ್ಷಕರ ಸಮಕ್ಷಮದಲ್ಲಿ 6 ಗಂಟೆಗಳ ಬೋಧನೆ ಕಡ್ಡಾಯ. ಲಕ್ಷಾಂತರ ಅಭ್ಯರ್ಥಿಗಳಿರುವಲ್ಲಿ ಅಷ್ಟು ಸಾಧ್ಯವಾಗದಿರಬಹುದು. ಆದರೂ ನೇಮಕಕ್ಕೆ ಮೊದಲು ಒಂದು ಪಾಠವನ್ನಾದರೂ ಕಣ್ಣಾರೆ ಕಂಡು, ಕಿವಿಯಾರೆ ಕೇಳುವುದು ಅವಶ್ಯವೆಂದು ನಮ್ಮ ಅಭಿಪ್ರಾಯ. ಮಗುವು ಭಾಷೆಯನ್ನು ಉಪಾಧ್ಯಾಯರ ಬಾಯಿಂದ ಕಲಿಯುವುದೇ ಹೊರತು ಅವರ ಉತ್ತರಪತ್ರಿಕೆಯಿಂದಲ್ಲ.