ಫುಲ್ ಸಸ್ಪೆನ್ಷನ್ ಟ್ರೇಲ್ ಸೈಕಲ್: ಬಸವಕಲ್ಯಾಣ–ಹುಮನಾಬಾದ್ ನೆಲದಲ್ಲಿ ಹೊಂದಾಣಿಕೆ, ನಿರ್ವಹಣೆ

ಮುಂದೆ ಫೋರ್ಕ್, ಹಿಂದೆ ಶಾಕ್ ಎರಡೂ ಇರುವ ಕಾಡುದಾರಿಯ ಸೈಕಲ್. ಚಕ್ರದ ಏರಿಳಿತ ಸಾಮಾನ್ಯವಾಗಿ 120ರಿಂದ 150 ಮಿ.ಮೀ. ಬೀದರ್ ಜಿಲ್ಲೆಯ ಈ ಎರಡು ತಾಲ್ಲೂಕುಗಳ ಕಡೆ ಜಂಬಿಟ್ಟಿಗೆಯ ಗಡಸು ನೆಲವೂ ಉಂಟು, ಎರೆಮಣ್ಣಿನ ಹೊಲದ ದಾರಿಯೂ ಉಂಟು. ಹಾಗಾಗಿ ಒಂದೇ ಹೊಂದಾಣಿಕೆ ವರ್ಷವಿಡೀ ಸಾಲದು.

ಮೊದಲ ಕೆಲಸ ಸ್ಯಾಗ್, ಅಂದರೆ ಸವಾರನ ಭಾರಕ್ಕೆ ಸಸ್ಪೆನ್ಷನ್ ಕುಸಿಯುವ ಪ್ರಮಾಣ. ನೀರು, ಚೀಲ ಸಮೇತ ಹತ್ತಿ, ಫೋರ್ಕ್, ಶಾಕುಗಳ ರಬ್ಬರ್ ಉಂಗುರವನ್ನು ಸೀಲಿಗೆ ತಾಗಿಸಿ, ಮೆಲ್ಲಗೆ ಇಳಿದು ಉಂಗುರ ಸರಿದ ದೂರ ಅಳೆಯಬೇಕು: ಒಟ್ಟು ಚಲನೆಯಲ್ಲಿ ಹಿಂದೆ ಶೇ 25–30, ಮುಂದೆ ಶೇ 15–20. ಇದನ್ನು ಗಾಳಿಯ ಒತ್ತಡದಿಂದ ಹೊಂದಿಸಬೇಕು, ಅದಕ್ಕೆ ಶಾಕ್ ಪಂಪೇ ಬೇಕು. ಗಾಳಿಯ ಒತ್ತಡ ಬದಲಾದರೆ ರಿಬೌಂಡನ್ನೂ, ಅಂದರೆ ಕುಸಿದ ಸಸ್ಪೆನ್ಷನ್ ಮರಳಿ ಏರುವ ವೇಗವನ್ನೂ, ತಿದ್ದಬೇಕು, ಮರೆತುಹೋಗುವುದು ಇದೇ.

ಬೇಸಿಗೆಯ ಕೆಂಧೂಳು ಸೀಲುಗಳನ್ನು ಸವೆಸುತ್ತದೆ. ಪ್ರತಿ ಸವಾರಿಯ ನಂತರ ಒರೆಸಿ, ಸುಮಾರು 50 ಗಂಟೆಗೊಮ್ಮೆ ಫೋರ್ಕಿನ ಕೆಳಗಾಲುಗಳ ಎಣ್ಣೆ ಬದಲಿಸಬೇಕು. ಮಳೆಗಾಲದ ಎರೆ ಟೈರಿಗೆ ಮೆತ್ತಿ, ಚೌಕಟ್ಟಿನ ಸಂದಿಯಲ್ಲಿ ತುಂಬಿಕೊಂಡು ಚಕ್ರವನ್ನೇ ನಿಲ್ಲಿಸುತ್ತದೆ. ಆಗ ಇಳಿದು ಕಡ್ಡಿಯಿಂದ ಕೆರೆಯುವುದೇ ಸರಿ. ಬಲವಂತವಾಗಿ ತುಳಿದರೆ ಗೇರ್ ಬದಲಿಸುವ ಡಿರೈಲರನ್ನು ಹಿಡಿದಿರುವ ಹ್ಯಾಂಗರ್ ಮುರಿಯಬಹುದು. ತೊಳೆಯುವಾಗ ಚೌಕಟ್ಟಿನ ಕೀಲುಗಳ (ಪಿವಟ್) ಬೇರಿಂಗುಗಳಿಗೆ ಒತ್ತಡದ ನೀರು ಹಾಯಿಸಬಾರದು. ಜಾಲಿಮುಳ್ಳಿಗೆ ಸೀಲಂಟ್ (ತೂತು ಮುಚ್ಚುವ ದ್ರವ) ಹಾಕಿದ ಟ್ಯೂಬ್‌ಲೆಸ್ ಟೈರೇ ಮದ್ದು. ಬಿಸಿಲಿಗೆ ಸೀಲಂಟ್ ಬೇಗ ಒಣಗುವುದರಿಂದ ಬೇಸಿಗೆಯಲ್ಲಿ ಆಗಾಗ ನೋಡಿ ತುಂಬಬೇಕು.