ಮುಗಿಯದ ಕಥೆಯ ಪ್ರೇಮ: ಕಿರುತೆರೆಯ ಪ್ರಣಯ ಮತ್ತು ಸಂಕೇತಗಳ ಅರ್ಥವಿವೇಚನೆ ಬೆಳೆದು ಬಂದ ಬಗೆ

ಕಿರುತೆರೆಯ ಧಾರಾವಾಹಿಯಲ್ಲಿ ಬರುವ ಪ್ರಣಯಕ್ಕೂ ಕಾವ್ಯ, ನಾಟಕ, ಕಾದಂಬರಿಗಳಿಗೆ ಸಲ್ಲುವಂಥ ಅರ್ಥವಿವೇಚನೆ ಸಲ್ಲಬೇಕೆಂಬ ವಿಚಾರಕ್ಕೆ ವಿದ್ವತ್‌ವಲಯದಲ್ಲಿ ಮನ್ನಣೆ ದೊರೆತದ್ದು ಬಹಳ ತಡವಾಗಿ, ಹೆಚ್ಚುಕಡಿಮೆ 1980ರ ಹೊತ್ತಿಗೆ. ಅದಕ್ಕೆ ಮೊದಲಿನ ಅಧ್ಯಯನಗಳು ಕಥೆಯೊಳಗಿನ ಪ್ರೇಮದ ಅರ್ಥವೇನೆಂದು ವಿಚಾರಿಸುವುದಕ್ಕಿಂತ, ಅದಕ್ಕೆ ಮನಸೋತ ಹೆಂಗಸರಿಗೆ ಏನಾಗಿದೆಯೆಂದು ವಿಚಾರಿಸುವುದರಲ್ಲೇ ಹೆಚ್ಚು ಆಸಕ್ತವಾಗಿದ್ದವು. ಸಾಬೂನು ಕಂಪನಿಗಳ ಪ್ರಾಯೋಜನೆಯಿಂದಾಗಿ ‘ಸೋಪ್ ಒಪೆರಾ’ ಎಂಬ ಹೆಸರು ಪಡೆದ ಅಮೆರಿಕದ ರೇಡಿಯೊ ಧಾರಾವಾಹಿಗಳನ್ನು ಕುರಿತು ಹರ್ಟಾ ಹರ್ಜೋಗ್ 1941ರಲ್ಲಿ ಪ್ರಕಟಿಸಿದ ಬರಹ ಈ ಬಗೆಯ ಅಧ್ಯಯನಗಳಲ್ಲಿ ಮುಖ್ಯವಾದದ್ದು. ಕೇಳುಗರು ಪಾತ್ರಗಳ ಅನುಭವವನ್ನು ಎರವಲು ಪಡೆದು ತಮ್ಮ ಸಂಕಟಗಳನ್ನು ಅಳೆದುಕೊಳ್ಳುತ್ತಾರೆಂದು ಅವರು ಗುರುತಿಸಿದರಾದರೂ, ಎರವಲು ಪಡೆದ ಆ ಅನುಭವ ಎಂಥದ್ದು, ಅದು ಯಾವ ಚಿಹ್ನೆಗಳ ಮೂಲಕ ಅವರನ್ನು ಮುಟ್ಟಿತು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಆ ಪ್ರಶ್ನೆಗೆ ಬೇಕಾದ ಸಲಕರಣೆಗಳು ಹೊರಗಿನಿಂದ ಬಂದವು. ಚಲನಚಿತ್ರ ವಿಮರ್ಶಕ ಥಾಮಸ್ ಎಲ್ಸಾಸರ್ 1972ರಲ್ಲಿ ಹಾಲಿವುಡ್ಡಿನ ಕೌಟುಂಬಿಕ ಚಿತ್ರಗಳ ಮೆಲೊಡ್ರಾಮವನ್ನು, ಅಂದರೆ ಭಾವೋದ್ರೇಕವನ್ನೇ ಆಧಾರವಾಗಿಸಿಕೊಂಡ ಕಥನರೀತಿಯನ್ನು ವಿವೇಚಿಸುತ್ತ, ಪಾತ್ರಗಳು ಬಾಯಿಬಿಟ್ಟು ಹೇಳಲಾಗದ್ದನ್ನು ಬಣ್ಣ, ಸಂಗೀತ, ಮನೆಯ ಪೀಠೋಪಕರಣಗಳು ಹೇಳುತ್ತವೆಂದು ತೋರಿಸಿದರು. 1976ರಲ್ಲಿ ಪೀಟರ್ ಬ್ರೂಕ್ಸ್ ಇದೇ ಮಾತನ್ನು ಹತ್ತೊಂಬತ್ತನೆಯ ಶತಮಾನದ ರಂಗಭೂಮಿ ಮತ್ತು ಕಾದಂಬರಿಗಳಿಗೆ ವಿಸ್ತರಿಸಿದರು. ಇವೆರಡರ ನಡುವೆ, 1973ರಲ್ಲಿ, ಬರ್ಮಿಂಗ್‌ಹ್ಯಾಮಿನ ಸ್ಟುವರ್ಟ್ ಹಾಲ್ ಕಾರ್ಯಕ್ರಮವನ್ನು ತಯಾರಿಸುವವರು ಅದರಲ್ಲಿ ಅಡಕಗೊಳಿಸುವ ಅರ್ಥವೂ ನೋಡುವವರು ಬಿಡಿಸಿಕೊಳ್ಳುವ ಅರ್ಥವೂ ಒಂದೇ ಆಗಿರಬೇಕಾಗಿಲ್ಲವೆಂದು ವಾದಿಸಿ, ಒಪ್ಪಿಕೊಳ್ಳುವ, ಒಂದಿಷ್ಟು ಒಪ್ಪಿ ಒಂದಿಷ್ಟು ಬಿಡುವ, ಪೂರ್ತಿ ತಿರಸ್ಕರಿಸುವ ಮೂರು ಬಗೆಯ ಗ್ರಹಿಕೆಗಳನ್ನು ವಿಂಗಡಿಸಿದರು. ಹಾಲ್ ಅವರ ಗಮನವಿದ್ದದ್ದು ಹೆಚ್ಚಾಗಿ ಸುದ್ದಿ ಮತ್ತು ರಾಜಕೀಯದ ಮೇಲೆ. ಆದರೆ ಅವರ ವಿಂಗಡಣೆ ಫಲ ಕೊಟ್ಟದ್ದು ಪ್ರೇಮಕಥೆಗಳನ್ನು ನೋಡುವ ಮನೆಯಂಗಳದಲ್ಲಿ.

1980ರ ದಶಕದ ಮೊದಲ ವರ್ಷಗಳಲ್ಲಿ ಸ್ತ್ರೀವಾದಿ ವಿಮರ್ಶಕರು ಈ ಕ್ಷೇತ್ರವನ್ನು ನಿಜವಾಗಿ ಕಟ್ಟಿದರು. ಬ್ರಿಟನ್ನಿನ ‘ಕ್ರಾಸ್‌ರೋಡ್ಸ್’ ಧಾರಾವಾಹಿಯನ್ನು ಕುರಿತು 1981ರಲ್ಲಿ ಬರೆದ ಷಾರ್ಲಟ್ ಬ್ರನ್ಸ್‌ಡನ್, ಇಂಥ ಕಥೆಯನ್ನು ಅರಿಯಲು ಕುಟುಂಬ, ಮದುವೆ, ಮನಸ್ತಾಪಗಳ ವ್ಯವಹಾರಜ್ಞಾನ ಬೇಕು, ಅದು ಹೆಂಗಸರಲ್ಲಿ ಬೆಳೆದಿರುವ ಒಂದು ಸಾಂಸ್ಕೃತಿಕ ಸಾಮರ್ಥ್ಯ ಎಂದರು. ಕಾವ್ಯಮೀಮಾಂಸೆಯನ್ನು ಬಲ್ಲ ಕನ್ನಡ ಓದುಗರಿಗೆ ಇಲ್ಲಿ ‘ಸಹೃದಯ’ನ, ಅಂದರೆ ಕಾವ್ಯವನ್ನು ಸವಿಯಬಲ್ಲ ಸಂಸ್ಕಾರವುಳ್ಳ ಓದುಗನ, ನೆನಪಾಗದೆ ಇರದು. ಮರುವರ್ಷ ಟ್ಯಾನಿಯಾ ಮೋಡ್ಲೆಸ್ಕಿ ಧಾರಾವಾಹಿಯ ಮುಗಿಯದಿರುವ ಗುಣವನ್ನೇ ಅದರ ತಿರುಳೆಂದು ಎತ್ತಿ ಹಿಡಿದರು. ರಾಬರ್ಟ್ ಅಲೆನ್ 1985ರ ತಮ್ಮ ಪುಸ್ತಕದಲ್ಲಿ ಧಾರಾವಾಹಿಯ ಅರ್ಥ ಘಟನೆಗಳ ಸರಣಿಗಿಂತ ಸಂಬಂಧಗಳ ಬಲೆಯಲ್ಲಿ ನೆಲೆಸಿದೆಯೆಂದು ತೋರಿಸಿದ್ದು ಇಂದಿಗೂ ಉಪಯುಕ್ತವಾದ ಒಳನೋಟ. ಯಾವುದೋ ಒಂದು ಕಂತಿನಲ್ಲಿ ಒಬ್ಬಳು ಒಬ್ಬನ ಕೈ ಹಿಡಿದರೆ ಹೊಸ ವೀಕ್ಷಕರಿಗೆ ಅದು ಬರಿಯ ಸಲುಗೆ. ಅವನು ಅವಳ ಅಕ್ಕನನ್ನು ಬಿಟ್ಟು ಬಂದ ಗಂಡನೆಂದೂ, ಅಕ್ಕನ ಮಗು ಬೆಳೆಯುತ್ತಿರುವುದು ಇವಳ ಮಡಿಲಲ್ಲೆಂದೂ ಬಲ್ಲ ಹಳೆಯ ವೀಕ್ಷಕರಿಗೆ ಆ ಒಂದು ಹಿಡಿತದಿಂದ ಇಡೀ ಮನೆತನವೇ ಅಲುಗಾಡುತ್ತದೆ.

ಅಮೆರಿಕದ ‘ಡಲ್ಲಾಸ್’ ಧಾರಾವಾಹಿ ಈ ವಿಚಾರಗಳೆಲ್ಲಕ್ಕೂ ಪ್ರಯೋಗಶಾಲೆಯಾಯಿತು. ನೆದರ್‌ಲ್ಯಾಂಡ್ಸಿನ ಇಯೆನ್ ಆಂಗ್ ಒಂದು ಮಹಿಳಾ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ‘ಡಲ್ಲಾಸ್’ ತಮಗೆ ಏಕೆ ಇಷ್ಟ ಅಥವಾ ಏಕೆ ಇಷ್ಟವಿಲ್ಲ ಎಂದು ಬರೆಯಲು ಕೋರಿ, ಬಂದ 42 ಪತ್ರಗಳ ಆಧಾರದ ಮೇಲೆ 1982ರಲ್ಲಿ ಡಚ್ ಭಾಷೆಯಲ್ಲಿ ಒಂದು ಪುಸ್ತಕ ಬರೆದರು. ಅದು 1985ರಲ್ಲಿ ಇಂಗ್ಲಿಷಿಗೆ ಬಂತು. ಆ ಧಾರಾವಾಹಿಯ ತೈಲದೊರೆಗಳ ಐಶ್ವರ್ಯ ತಮ್ಮ ಬದುಕಿಗೆ ಸಂಬಂಧಿಸಿದ್ದಲ್ಲವೆಂದು ಬಲ್ಲ ಹೆಂಗಸರೇ ಆ ಕಥೆ ‘ನಿಜ’ವೆಂದು ಬರೆದದ್ದನ್ನು ಆಂಗ್ ಭಾವನಾತ್ಮಕ ವಾಸ್ತವವೆಂದು ಕರೆದರು, ಅಂದರೆ ಹೊರಗಿನ ವಿವರಗಳು ಸುಳ್ಳಾದರೂ ಒಳಗಿನ ತಳಮಳ ದಿಟವೆನಿಸುವ ಬಗೆ. ಕಥೆಯಲ್ಲಿ ಕುಡಿತಕ್ಕೆ ಬಿದ್ದ ಸ್ಯೂ ಎಲೆನ್ ತನ್ನ ದಾಂಪತ್ಯದ ಸೋಲನ್ನು ಕಹಿಯಾಗಿ ಒಪ್ಪಿಕೊಂಡಿರುವುದನ್ನೂ, ಪಮೇಲಾ ಪ್ರೇಮದಲ್ಲಿ ಇನ್ನೂ ನಂಬಿಕೆಯಿಟ್ಟು ಹೋರಾಡುವುದನ್ನೂ ಎದುರುಬದುರಾಗಿ ಇಟ್ಟು, ಧಾರಾವಾಹಿಯಲ್ಲಿ ಮದುವೆ ಎಂದೂ ಮಂಗಳವಲ್ಲ, ಮುಂದಿನ ಕೇಡಿನ ಮೊದಲ ಕಂತು ಎಂಬುದನ್ನು ಅವರು ಸ್ಪಷ್ಟಪಡಿಸಿದರು. ಟಿ. ಎನ್. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯಿಂದ ಕನ್ನಡಿಗರಿಗೆ ಪರಿಚಿತವಾದ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಸಂಭೋಗಶೃಂಗಾರಕ್ಕೆ, ಅಂದರೆ ಕೂಡಿರುವ ಪ್ರೇಮಿಗಳ ಶೃಂಗಾರಕ್ಕೆ, ಎಡೆಯೇ ಇಲ್ಲ, ಇರುವುದೆಲ್ಲ ವಿಪ್ರಲಂಭವೇ, ಅಗಲಿಕೆಯ ಶೃಂಗಾರವೇ.

ಅದೇ ‘ಡಲ್ಲಾಸ್’ ಅನ್ನು ತಾಮಾರ್ ಲೀಬ್ಸ್ ಮತ್ತು ಎಲಿಹು ಕಾಟ್ಜ್ ಇಸ್ರೇಲಿನ ಅರಬರು, ಮೊರಾಕೊ ಮೂಲದ ಯೆಹೂದಿಗಳು, ರಷ್ಯಾದಿಂದ ಬಂದು ನೆಲೆಸಿದವರು ಮತ್ತು ಕಿಬುಟ್ಜ್ ಎಂಬ ಸಹಕಾರಿ ವಸತಿಗಳ ಸದಸ್ಯರಿಗೆ ತೋರಿಸಿ, ಲಾಸ್ ಏಂಜಲೀಸಿನ ವೀಕ್ಷಕರೊಂದಿಗೆ ಹೋಲಿಸಿ 1990ರಲ್ಲಿ ಹೊರತಂದ ಅಧ್ಯಯನದಲ್ಲಿ, ಕಂತಿನ ಕಥೆಯನ್ನು ತಮ್ಮ ಮಾತಿನಲ್ಲಿ ಹೇಳುವಂತೆ ಪ್ರತಿ ಗುಂಪನ್ನೂ ಕೇಳಲಾಗಿತ್ತು. ಗಂಡನ ಮನೆಯಿಂದ ಮಗುವಿನೊಂದಿಗೆ ಓಡಿಹೋದ ಸ್ಯೂ ಎಲೆನ್ ಕಥೆಯಲ್ಲಿ ಸೇರಿಕೊಂಡದ್ದು ಹಿಂದಿನ ಪ್ರಿಯಕರನೂ ಅವನ ತಂದೆಯೂ ಇದ್ದ ಮನೆಯನ್ನು. ಆದರೆ ಒಂದು ಅರಬ್ ಗುಂಪಿನವರು ಅವಳು ತನ್ನ ತಂದೆಯ ಮನೆಗೆ ಹೋದಳೆಂದು ಪರಸ್ಪರ ಮಾತಾಡಿಕೊಂಡು ಖಚಿತಪಡಿಸಿಕೊಂಡರು. ಗಂಡನನ್ನು ಬಿಟ್ಟ ಹೆಣ್ಣು ಹೋಗಬಹುದಾದ ಜಾಗ ತವರುಮನೆಯಲ್ಲದೆ ಬೇರಾವುದು ಎಂಬ ತಿಳಿವಳಿಕೆ ಕಣ್ಣಿಗೆ ಕಂಡದ್ದನ್ನೇ ತಿದ್ದಿತು. ಇದನ್ನು ತಪ್ಪು ಗ್ರಹಿಕೆಯೆಂದು ಬದಿಗಿಡುವುದು ಸುಲಭ. ಆದರೆ ಪ್ರೇಮದ ಕಥೆಯನ್ನು ಬಂಧುತ್ವದ ಕಥೆಯಾಗಿ ಬದಲಿಸಿಕೊಂಡ ಆ ಗುಂಪಿನ ಓದು, ಈ ಕ್ಷೇತ್ರದಲ್ಲಿ ದಾಖಲಾದ ಓದುಗಳಲ್ಲೆಲ್ಲ ಅತ್ಯಂತ ಬೆಳಕು ಚೆಲ್ಲುವಂಥದ್ದು.

ಇದೇ ಹೊತ್ತಿಗೆ ವಿದ್ವಾಂಸರ ದೃಷ್ಟಿ ಅಭಿಮಾನಿಗಳ ಕಡೆಗೆ ಹೊರಳಿತು. ‘ಸ್ಟಾರ್ ಟ್ರೆಕ್’ನ ಕರ್ಕ್ ಮತ್ತು ಸ್ಪಾಕ್ ಸ್ನೇಹದಲ್ಲಿ ಪ್ರಣಯವನ್ನು ಕಂಡ ಅಭಿಮಾನಿ ಮಹಿಳೆಯರು 1970ರ ದಶಕದಿಂದಲೇ ಅವರಿಬ್ಬರ ಪ್ರೇಮಕಥೆಗಳನ್ನು ಬರೆದು ಹಂಚುತ್ತಿದ್ದರು. ಹೆನ್ರಿ ಜೆಂಕಿನ್ಸ್ 1992ರ ತಮ್ಮ ಪುಸ್ತಕದಲ್ಲಿ ಇಂಥವರನ್ನು ಇನ್ನೊಬ್ಬರ ಕಾಡಿಗೆ ನುಗ್ಗಿ ತಮಗೆ ಬೇಕಾದದ್ದನ್ನು ಬೇಟೆಯಾಡಿ ತರುವವರೆಂದು ವರ್ಣಿಸಿದರು. ಅದರಲ್ಲಿ ‘ಬ್ಯೂಟಿ ಅಂಡ್ ದಿ ಬೀಸ್ಟ್’ ಧಾರಾವಾಹಿಯನ್ನು ಕುರಿತ ಅಧ್ಯಾಯ ವಿಶೇಷ ಗಮನಕ್ಕೆ ಅರ್ಹ. ನ್ಯೂಯಾರ್ಕಿನ ನೆಲದಡಿಯ ಸುರಂಗಗಳಲ್ಲಿ ಬದುಕುವ ಸಿಂಹಮುಖದ ವಿನ್ಸೆಂಟ್, ಮೇಲಿನ ನಗರದ ವಕೀಲೆ ಕ್ಯಾಥರೀನ್ ಇಬ್ಬರ ಪ್ರೇಮದಲ್ಲಿ ಮೇಲು–ಕೆಳಗುಗಳೇ ದೊಡ್ಡ ಸಂಕೇತವಾಗಿದ್ದವು. ಮೂರನೆಯ ವರ್ಷ ನಾಯಕಿಯನ್ನು ಸಾಯಿಸಿ ಕಥೆಯನ್ನು ಸಾಹಸದ ಹಾದಿಗೆ ತಿರುಗಿಸಿದಾಗ, ಇದು ಪ್ರೇಮಕಥೆಯೆಂದು ನಂಬಿದ್ದವರಲ್ಲಿ ಅನೇಕರು ಆ ಭಾಗವನ್ನು ಕಥೆಯೆಂದು ಒಪ್ಪಲೇ ಇಲ್ಲ. ಎರಡು ಪಾತ್ರಗಳು ಒಂದಾಗಲೆಂದು ಹಂಬಲಿಸುವವರಿಗೆ ‘ಶಿಪ್ಪರ್’ ಎಂಬ ಹೆಸರು ಬಂದದ್ದು 1990ರ ದಶಕದಲ್ಲಿ, ‘ದಿ ಎಕ್ಸ್-ಫೈಲ್ಸ್’ನ ಅಭಿಮಾನಿಗಳಿಂದ.

ಸಂಕೇತಗಳ ವಿವೇಚನೆ ತೀರ ಸೂಕ್ಷ್ಮವಾದದ್ದು ‘ಬಫಿ ದಿ ವ್ಯಾಂಪೈರ್ ಸ್ಲೇಯರ್’ (1997–2003) ಬಂದ ಮೇಲೆ. ಈ ಒಂದೇ ಧಾರಾವಾಹಿಗೆ ಮೀಸಲಾದ ‘ಸ್ಲೇಯೇಜ್’ ಎಂಬ ವಿದ್ವತ್‌ಪತ್ರಿಕೆ 2001ರಲ್ಲಿ ಆರಂಭವಾಯಿತು. 1999ರ ಒಂದು ಕಂತಿನಲ್ಲಿ ಊರಿನವರೆಲ್ಲರ ದನಿ ಕಳವಾಗಿರುವಾಗ, ಮಾಟ ಕಲಿಯುತ್ತಿರುವ ವಿಲೊ ಮತ್ತು ತಾರಾ ಬಾಗಿಲಿಗೆ ಅಡ್ಡವಿಡಲು ಬೇಕಾದ ಭಾರದ ಯಂತ್ರವನ್ನು ಕೈಗೆ ಕೈ ಜೋಡಿಸಿ, ಮಾತಿಲ್ಲದೆ, ಬರಿಯ ನೋಟದಿಂದ ಸರಿಸುತ್ತಾರೆ. ಮಾಟವೇ ಇಲ್ಲಿ ಇಬ್ಬರು ಹೆಣ್ಣುಗಳ ಪ್ರೇಮಕ್ಕೆ ಧ್ವನಿಯಾಗಿ ನಿಂತಿದೆಯೆಂದು ಅನೇಕ ವಿಮರ್ಶಕರು ಓದಿದರು. ಆದರೆ ಆರನೆಯ ವರ್ಷಕ್ಕೆ ಅದೇ ಮಾಟ ಮಾದಕ ವ್ಯಸನದ ಸಂಕೇತವಾಯಿತು; 2002ರಲ್ಲಿ ತಾರಾ ಗುಂಡೇಟಿಗೆ ಬಲಿಯಾದಳು, ವಿಲೊ ಮಾಟದಿಂದಲೇ ರಕ್ತಪಾತಕ್ಕೆ ಇಳಿದಳು. ಹಿಂದಿನ ಸಮೀಕರಣವನ್ನು ಉಳಿಸಿಕೊಂಡರೆ ಆ ಪ್ರೇಮವೇ ಒಂದು ವ್ಯಸನವೆಂಬ ಅರ್ಥ ಬರುವುದರಿಂದ ಉಂಟಾದ ವಿವಾದ ತೀವ್ರವಾಗಿತ್ತು. ಕವಿತೆಯಲ್ಲಿ ಸಂಕೇತ ಒಮ್ಮೆ ನೆಲೆಗೊಂಡರೆ ಮೊದಲ ಸಾಲೂ ಕೊನೆಯ ಸಾಲೂ ಒಟ್ಟಿಗೆ ಕಣ್ಣೆದುರು ಇರುತ್ತವೆ. ಧಾರಾವಾಹಿಯಲ್ಲಿ ಅದರ ಮುಂದಿನ ಅರ್ಥ ಇನ್ನೂ ಬರೆಯದ ಕಂತಿನಲ್ಲಿರುತ್ತದೆ. ಹೀಗಾಗಿ ನಡುವೆಯೇ ತೀರ್ಪು ಕೊಟ್ಟ ವಿಮರ್ಶೆ ಎಡವಿದ ಉದಾಹರಣೆಗಳು ಈ ಕ್ಷೇತ್ರದಲ್ಲಿ ಹೇರಳವಾಗಿವೆ.

ಭಾರತದಲ್ಲಿ ಈ ಅಧ್ಯಯನಕ್ಕೆ ಗಟ್ಟಿ ನೆಲೆ ಒದಗಿಸಿದ್ದು ಪೂರ್ಣಿಮಾ ಮಾಂಕೇಕರ್ ಅವರ 1999ರ ಗ್ರಂಥ. ದೂರದರ್ಶನದ ಧಾರಾವಾಹಿಗಳನ್ನು ದೆಹಲಿಯ ಕೆಳಮಧ್ಯಮ ವರ್ಗದ ಮನೆಗಳಲ್ಲಿ ಕುಳಿತು ನೋಡುವವರೊಂದಿಗೆ ಮಾತಾಡಿ, ಅವರು ಪಾತ್ರಗಳೊಂದಿಗೆ ಭಾವದಲ್ಲಿ ಬೆರೆಯುತ್ತಲೇ ವಿಮರ್ಶೆಯನ್ನೂ ಮಾಡುತ್ತಾರೆಂದು ಅವರು ತೋರಿಸಿದರು. 2000ದಲ್ಲಿ ಆರಂಭವಾದ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥಿ’ ಮುಂತಾದ ಖಾಸಗಿ ವಾಹಿನಿಗಳ ಕಥೆಗಳನ್ನು ಶೋಮಾ ಮುನ್ಶಿ 2010ರ ಪುಸ್ತಕದಲ್ಲಿ ವಿವೇಚಿಸಿದರು. ‘ಕ್ಯೂಂಕಿ’ಯ ನಾಯಕ ಮಿಹಿರ್ ಸತ್ತನೆಂದಾಗ ವೀಕ್ಷಕರು ಎಬ್ಬಿಸಿದ ಗುಲ್ಲಿಗೆ ಮಣಿದು ಅವನನ್ನು ಮತ್ತೆ ಬದುಕಿಸಬೇಕಾಯಿತು. ಕುಂಕುಮ, ತಾಳಿಗಳಂಥ ಸೌಭಾಗ್ಯದ ಚಿಹ್ನೆಗಳಿಗೆ ಶಾಸ್ತ್ರ ಕೊಟ್ಟ ಅರ್ಥ ಖಚಿತವಾದರೂ, ಸತ್ತ ಗಂಡ ಮರಳಿ ಬರಬಹುದಾದ ಕಥೆಯಲ್ಲಿ ಅವೂ ತಾತ್ಕಾಲಿಕವೇ.

ಚಿಹ್ನೆಗಳ ಅರ್ಥ ಹೀಗೆ ಸ್ಥಿರವಲ್ಲವೆಂಬ ಮಾತಿಗೆ ಕನ್ನಡದಲ್ಲಿ ಒಳ್ಳೆಯ ಸಾಮಗ್ರಿ ಸಿಗುವುದು ರೀಮೇಕ್ ಧಾರಾವಾಹಿಗಳಲ್ಲಿ. ಮರಾಠಿಯ ‘ತುಲಾ ಪಾಹತೇ ರೇ’ 2018ರಲ್ಲಿ ಆರಂಭವಾಗಿ ವರ್ಷದೊಳಗೆ ಮುಗಿಯಿತು. ಅದನ್ನು ಆಧರಿಸಿದ ‘ಜೊತೆ ಜೊತೆಯಲಿ’ 2019ರಿಂದ 2023ರವರೆಗೆ ಪ್ರಸಾರವಾಯಿತು. ನಡುವಯಸ್ಸಿನ ಉದ್ಯಮಿಗೂ ಎಳೆಯ ಹುಡುಗಿಗೂ ಹುಟ್ಟುವ ಪ್ರೇಮದ ಹಿಂದೆ ಮರಾಠಿಯಲ್ಲಿ ಮೊದಲ ಹೆಂಡತಿಯ ಕೊಲೆಯೂ ಪುನರ್ಜನ್ಮವೂ ಅಡಗಿದ್ದವು. ಮರಾಠಿಯ ಕೊನೆಯನ್ನು ತಿಳಿದು ಕನ್ನಡದ ಆರಂಭವನ್ನು ನೋಡಿದವರಿಗೆ ನಾಯಕನ ಒಂದೊಂದು ಮೃದು ನೋಟವೂ ಸಂಚಿನ ಸುಳಿವು. ತಿಳಿಯದವರಿಗೆ ಅದೇ ನೋಟ ಅಪ್ಪಟ ಅನುರಾಗ. ಎರಡೂ ಬಗೆಯ ವೀಕ್ಷಕರು ಒಂದೇ ಪಡಸಾಲೆಯಲ್ಲಿ ಕುಳಿತು, ಒಂದೇ ಸಂಚಿಕೆಯನ್ನು ನೋಡುತ್ತಿರುವುದು ಸಾಧ್ಯವಿದ್ದ ಕಾಲ ಅದು. ಲೀಬ್ಸ್ ಮತ್ತು ಕಾಟ್ಜ್ ಬೇರೆ ಬೇರೆ ಸಮುದಾಯಗಳ ನಡುವೆ ಹುಡುಕಿದ ಅಂತರ ಇಲ್ಲಿ ಅತ್ತೆ ಸೊಸೆಯರ ನಡುವೆಯೇ ಇದ್ದಿರಬಹುದು.